ಕುಪ್ಪಸ ಬ್ರಿಟಿಷರು ಕೊಟ್ಟಿದ್ದಲ್ಲ

"ಬ್ರಿಟಿಷರು ಬರುವ ತನಕ ನಮ್ಮ ಹೆಂಗಸರಿಗೆ ರವಿಕೆಯೇ ಗೊತ್ತಿರಲಿಲ್ಲ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ತಪ್ಪು. 'ಬ್ಲೌಸ್' ಇಂಗ್ಲಿಷ್ ಪದ, ನಿಜ. ಆದರೆ 'ಕುಪ್ಪಸ' ಬಂದಿರುವುದು ಸಂಸ್ಕೃತದ 'ಕೂರ್ಪಾಸ'ದಿಂದ. ಅಮರಕೋಶದಲ್ಲೇ 'ಚೋಲ', 'ಕೂರ್ಪಾಸಕ' ಅಕ್ಕಪಕ್ಕ ಸಿಗುತ್ತವೆ. ಆ ನಿಘಂಟು ಬ್ರಿಟಿಷರಿಗಿಂತ ಎಷ್ಟೋ ಶತಮಾನ ಹಳೆಯದು. ಹಾಗಂತ ಎಲ್ಲರೂ ತೊಡುತ್ತಿದ್ದರು ಅಂತಲ್ಲ. ರವಿಕೆಯಿಲ್ಲದೆ ಸೆರಗು ಹೊದ್ದ ಅಜ್ಜಿಯರನ್ನು ಕಂಡವರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ, ಅಲ್ವಾ?

ಉತ್ತರ ಕರ್ನಾಟಕದಲ್ಲಿ ಇದು 'ಕುಬಸ'. ಗುಳೇದಗುಡ್ಡದ ಖಣ ಎಂಬ ರವಿಕೆ ಬಟ್ಟೆಯಲ್ಲಿ ಹೊಲಿದ ಹಳೇ ಕುಬಸಕ್ಕೆ ಗುಂಡಿ, ಹುಕ್ಕು ಬೇಕಿಲ್ಲ. ಮುಂದಿನ ಎರಡು ತುದಿ ಎಳೆದು, ಎದೆಯ ಕೆಳಗೆ ಗಂಟು ಹಾಕಿದರೆ ಮುಗಿಯಿತು. ಬಸುರಿಗೆ ಸೀರೆ, ಖಣ ಕೊಟ್ಟು ಮಾಡುವ ಶಾಸ್ತ್ರದ ಹೆಸರೂ ಅಲ್ಲಿ ಕುಬಸವೇ.