ಇನ್ನೊಂದೇ ಒಂದು ಜೂಮ್

ಎಷ್ಟು ಹಿಗ್ಗಿಸಿದರೂ ಒಳಗೆ ಹೊಸ ಕುಸುರಿ ಕಾಣುತ್ತಲೇ ಹೋಗುವ, ಕಂಪ್ಯೂಟರ್ ಲೆಕ್ಕದಿಂದ ಮೂಡುವ ಫ್ರ್ಯಾಕ್ಟಲ್ ಚಿತ್ರ ಮಾಡುವವರಿಗೆ ಕುಂಚ ಹಿಡಿಯಲು ಬರಬೇಕಾಗಿಲ್ಲ, ನೆಟ್ಟಗೆ ಒಂದು ಗೆರೆ ಎಳೆಯಲೂ ಬರಬೇಕಾಗಿಲ್ಲ. ಬರಬೇಕಾದ ವಿದ್ಯೆ ಒಂದೇ, ನಿಲ್ಲಿಸುವುದು. ಅದು ಮಾತ್ರ ಯಾರಿಗೂ ಬಂದ ಹಾಗಿಲ್ಲ. ಊಟಕ್ಕೆ ಕರೆದರೆ ‘ಇನ್ನೊಂದೇ ಒಂದು ಜೂಮ್’ ಅಂತಾರೆ. ಆ ಒಂದು ಜೂಮ್ ಮುಗಿಯುವ ಹೊತ್ತಿಗೆ ಕರೆದವರು ಉಂಡು ಮಲಗಿರುತ್ತಾರೆ.

ಕಂಪ್ಯೂಟರ್ ಮಾಡುವ ಲೆಕ್ಕ ನೋಡಿದರೆ ಇಷ್ಟಕ್ಕೇನಾ ಇಷ್ಟು ಗಲಾಟೆ ಅನ್ನಿಸುತ್ತದೆ. ಪ್ರತಿ ಪಿಕ್ಸೆಲ್ಲಿಗೂ ಒಂದು ವಿಳಾಸ, ಅಂದರೆ ಎರಡು ಅಂಕಿಗಳಿಂದಾದ ಒಂದು ಸಂಕೀರ್ಣ ಸಂಖ್ಯೆ (ಎರಡನೆಯದು ಸೊನ್ನೆಯಾದರೆ ಮೊದಲನೆಯದನ್ನಷ್ಟೇ ಬರೆದರೆ ಸಾಕು). ಸೊನ್ನೆಯಿಂದ ಶುರು, ಇರುವ ಸಂಖ್ಯೆಯನ್ನು ವರ್ಗ ಮಾಡಿ ವಿಳಾಸವನ್ನು ಕೂಡಿಸಿ, ಬಂದದ್ದನ್ನು ಮತ್ತೆ ವರ್ಗ ಮಾಡಿ ಮತ್ತೆ ಅದೇ ವಿಳಾಸ ಕೂಡಿಸಿ. ವಿಳಾಸ 1 ಆದರೆ 1, 2, 5, 26 ಅಂತ ಕಟ್ಟು ಕಿತ್ತುಕೊಂಡು ಓಡುತ್ತದೆ. ವಿಳಾಸ −1 ಆದರೆ −1, 0, −1, 0 ಅಂತ ಜನ್ಮವಿಡೀ ಜೋಕಾಲಿ ಆಡುತ್ತದೆ. ಒಮ್ಮೆ 2ರ ಗಡಿ ದಾಟಿದ್ದು ತಿರುಗಿ ಬರುವುದಿಲ್ಲ. ಎಷ್ಟನೇ ಹೆಜ್ಜೆಗೆ ದಾಟಿತೋ ಅದಕ್ಕೆ ತಕ್ಕ ಬಣ್ಣ. ದಾಟದೆ ಉಳಿದವು ಕಪ್ಪು, ಎಲ್ಲ ಸೇರಿ ನಡುವೆ ಹೃದಯದಂಥ ಆಕೃತಿ. ‘ಫ್ರ್ಯಾಕ್ಟಲ್’ ಪದವನ್ನು 1975ರಲ್ಲಿ ಟಂಕಿಸಿದ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಹೆಸರಿನ ಸೆಟ್ ಇದೇ. ಚೆಲುವೆಲ್ಲ ಇರುವುದು ಓಡುವುದೋ ಉಳಿಯುವುದೋ ಗೊತ್ತಾಗದೆ ಅಡ್ಡಗೋಡೆ ಮೇಲೆ ದೀಪ ಇಟ್ಟಂತಿರುವ ಅಂಚಿನಲ್ಲಿ.

ಮೊದಲ ಎಡವಟ್ಟೂ ಅಲ್ಲೇ. ಚಂದದ ಸುರುಳಿಯ ನಡುವೆ ಡಾಂಬರು ಚೆಲ್ಲಿದ ಹಾಗೆ ಕಪ್ಪು ಮುದ್ದೆ ಕಾಣಿಸುತ್ತದೆ. ಸಾಫ್ಟ್‌ವೇರ್ ಸರಿಯಿಲ್ಲ ಅಂತ ಬೈದು ಇನ್ನೊಂದನ್ನು ಇನ್‌ಸ್ಟಾಲ್ ಮಾಡಿದರೆ ಅದರಲ್ಲೂ ಅದೇ ಮುದ್ದೆ. ಕುಣಿಯಲಾರದವರಿಗೆ ನೆಲ ಡೊಂಕು. ತಪ್ಪು ಇಟರೇಶನ್ ಮಿತಿಯದ್ದು, ಅಂದರೆ ಎಷ್ಟು ಹೆಜ್ಜೆಯವರೆಗೆ ಕಾದು ನೋಡಬೇಕು ಎಂಬ ಮಿತಿಯದ್ದು. 0.26 ಎಂಬ ಬಿಂದು 30 ಹೆಜ್ಜೆಗೆ ಗಡಿ ದಾಟುತ್ತದೆ, 0.2501 ದಾಟಲು 312 ಬೇಕು, 0.250001 ದಾಟಲು 3140. ಮಿತಿ 256ಕ್ಕೆ ಇಟ್ಟಿದ್ದರೆ ಕೊನೆಯ ಎರಡನ್ನೂ ಕಂಪ್ಯೂಟರ್ ‘ಇವು ಓಡುವ ಪೈಕಿ ಅಲ್ಲ’ ಅಂತ ತೀರ್ಮಾನಿಸಿ ಮಸಿ ಬಳಿಯುತ್ತದೆ. ಮಿತಿ 5000ಕ್ಕೆ ಏರಿಸಿ ನೋಡಿ, ಮುದ್ದೆ ಕರಗಿ ಒಳಗಿನ ಕುಸುರಿ ಕಾಣುತ್ತದೆ. ಏರಿಸಿದರೂ ಕದಲದಿದ್ದರೆ ಅದು ನಿಜವಾದ ಕಪ್ಪು, ಬಿಟ್ಟುಬಿಡಿ. (30, 312, 3140 ನೋಡಿ ಪೈ ನೆನಪಾಯಿತೇ? ಸರಿಯಾಗೇ ನೆನಪಾಗಿದೆ. 0.25ಕ್ಕೆ ಹತ್ತಿರವಾದಷ್ಟೂ ಹೆಜ್ಜೆಗಳ ಎಣಿಕೆಯಲ್ಲಿ ಪೈ ಅಂಕಿಗಳು ಮೂಡುತ್ತಾ ಹೋಗುತ್ತವೆ. ಇಲ್ಲಿ ಅದಕ್ಕೇನು ಕೆಲಸ ಅಂತ ಗಣಿತಜ್ಞರನ್ನೇ ಕೇಳಬೇಕು.)

ವಿಳಾಸ ಬರೆದುಕೊಳ್ಳುವಾಗ ಮೈನಸ್ ಚಿಹ್ನೆ ಬಿಡುವುದು ಇನ್ನೊಂದು ಎಡವಟ್ಟು. ಸಮುದ್ರಕುದುರೆಗಳ ಕಣಿವೆ ಎಂದು ಹೆಸರಾದ ಜಾಗ −0.75, 0.1ರ ಆಸುಪಾಸಿನಲ್ಲಿದೆ. ಎರಡನೆಯ ಅಂಕಿಯ ಚಿಹ್ನೆ ತಪ್ಪಿದರೆ ತೊಂದರೆಯಿಲ್ಲ, ಕನ್ನಡಿಯಲ್ಲಿ ಕಂಡ ಕುದುರೆ ಸಿಗುತ್ತದೆ. ಮೊದಲನೆಯದರ ಮೈನಸ್ ಬಿಟ್ಟರೆ ಅಲ್ಲಿನ ಬಿಂದು ಮೂರೇ ಹೆಜ್ಜೆಗೆ ಪರಾರಿ. ಪರದೆ ತುಂಬ ಒಂದೇ ಬಣ್ಣ, ಸುಣ್ಣ ಹೊಡೆದ ಗೋಡೆಯ ಹಾಗೆ.

ಬಣ್ಣಗಳು ನಕ್ಷೆಯ ಗೆರೆಗಳಂತೆ ಪಟ್ಟೆಪಟ್ಟೆಯಾಗಿ ಬಂದರೆ ‘ಸ್ಮೂತ್’ ಬಣ್ಣದ ಆಯ್ಕೆ ಒತ್ತಬೇಕು. ಒತ್ತಿದ ಮೇಲೂ ಪಟ್ಟೆ ಮಸುಕಾಗಿ ಉಳಿದಿದ್ದರೆ ಬೇಲ್‌ಔಟ್, ಅಂದರೆ ದಾಟಿತು ಎಂದು ಎಣಿಸುವ ಗಡಿ, ಇನ್ನೂ 2ರಲ್ಲೇ ಕೂತಿದೆ ಎಂದರ್ಥ. ಅದನ್ನು 1000ಕ್ಕೆ ಏರಿಸಿ. ಓಟಗಾರ ಇನ್ನಷ್ಟು ದೂರ ಹೋದ ಮೇಲೆ ಅಳತೆ ತೆಗೆದರೆ ಬಣ್ಣ ನಯವಾಗಿ ಬೆರೆಯುತ್ತದೆ. ಮರಳು ಎರಚಿದಂತೆ ಕಾಳುಕಾಳಾಗಿದ್ದರೆ ರೋಗ ಬೇರೆ: ಒಂದು ಪಿಕ್ಸೆಲ್ಲಿನೊಳಗೇ ಹತ್ತು ಬಣ್ಣ ಜಗಳ ಆಡುತ್ತಿವೆ. ಪಿಕ್ಸೆಲ್ಲಿಗೆ 2×2 ಮಾದರಿ ತೆಗೆದು ಸರಾಸರಿ ಮಾಡಿದರೆ ಜಗಳ ತಣ್ಣಗಾಗುತ್ತದೆ, ಸಮಯ ಮಾತ್ರ ನಾಲ್ಕು ಪಟ್ಟು.

ಇಷ್ಟಾದ ಮೇಲೆ ಆಳಕ್ಕಿಳಿಯುವ ಹುಚ್ಚು. ಸಾಧಾರಣ ಪ್ರೋಗ್ರಾಂಗಳು ಸಂಖ್ಯೆಯನ್ನು 15–16 ಅಂಕಿಗಳವರೆಗೆ ಮಾತ್ರ ನೆನಪಿಡುತ್ತವೆ. ಹಿಗ್ಗಿಸುವಿಕೆ 1ರ ಮುಂದೆ 13 ಸೊನ್ನೆಗಳಷ್ಟಾದಾಗ ಅಕ್ಕಪಕ್ಕದ ಪಿಕ್ಸೆಲ್ಲುಗಳ ವಿಳಾಸ ಒಂದೇ ಆಗಿ, ಚಿತ್ರ ಇಟ್ಟಿಗೆ ಜೋಡಿಸಿದಂತೆ ಚೌಕಚೌಕ ಕಾಣುತ್ತದೆ. ಅದು ಹೊಸ ವಿನ್ಯಾಸವಲ್ಲ, ಯಾರಿಗೂ ಕಳಿಸಬೇಡಿ. ಇನ್ನೂ ಆಳಕ್ಕೆ ಪರ್ಟರ್ಬೇಶನ್ ವಿಧಾನದ ಪ್ರೋಗ್ರಾಂ ಬೇಕು: ಒಂದೇ ಒಂದು ಬಿಂದುವನ್ನು ನೂರಾರು ಅಂಕಿಗಳ ನಿಖರತೆಯಲ್ಲಿ ಲೆಕ್ಕ ಹಾಕಿ, ಉಳಿದವುಗಳಿಗೆ ಅದರಿಂದ ಇರುವ ವ್ಯತ್ಯಾಸ ಮಾತ್ರ ಲೆಕ್ಕ ಹಾಕುವ ಜಾಣತನ. ಹೀಗೆ ದಿನಗಟ್ಟಲೆ ಇಳಿದು ತಳದಲ್ಲಿ ಸಿಗುವುದೇನು? ಮೇಲೆ ಬಿಟ್ಟು ಬಂದಿದ್ದ ಅದೇ ಕಪ್ಪು ಹೃದಯದಾಕೃತಿಯ ಮರಿ. ಬೆಟ್ಟ ಅಗೆದು ಇಲಿ ಹಿಡಿಯುವುದು ನಾಚಿಕೆಯ ಸಂಗತಿ ಅಲ್ಲದ ಏಕೈಕ ಹವ್ಯಾಸ ಇದು.

ಇಲಿ ಸಿಕ್ಕ ಖುಷಿಯಲ್ಲಿ ಚಿತ್ರ ಮಾತ್ರ ಸೇವ್ ಮಾಡಿ ವಿಳಾಸ, ಜೂಮ್, ಬಣ್ಣ ಬರೆದಿಟ್ಟ ಪ್ಯಾರಾಮೀಟರ್ ಫೈಲ್ ಮರೆತರೆ ಮುಗಿಯಿತು. ಆ ಜಾಗಕ್ಕೆ ಮತ್ತೆ ದಾರಿಯಿಲ್ಲ. ನಾಲ್ಕು ಸಾಲಿನ ಆ ಫೈಲೇ ಆಸ್ತಿ. ಚಿತ್ರವನ್ನು ಬೇಕಾದ ಅಳತೆಗೆ ಮತ್ತೆ ಮಾಡಿಕೊಳ್ಳಬಹುದು. ಚಿತ್ರವನ್ನು ಪಿಎನ್‌ಜಿಯಲ್ಲೇ ಇಡಿ. ಜೆಪೆಗ್ 8×8ರ ಚೌಕಗಳಲ್ಲಿ ಹಿಂಡುವುದರಿಂದ ಕೂದಲೆಳೆಯಂಥ ಗೆರೆಗಳ ಸುತ್ತ ಕೊಳೆ ಕೂರುತ್ತದೆ.

ನೋಡುವುದಕ್ಕೂ ಒಂದು ಕ್ರಮ ಇದೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಸುರುಳಿಯೂ ಅದ್ಭುತವೇ. ಬೆಳಿಗ್ಗೆ ಎದ್ದು ನೋಡಿದರೆ ಹತ್ತಕ್ಕೆ ಒಂಬತ್ತು ಕಸ. ಚಿತ್ರವನ್ನು ಹೆಬ್ಬೆರಳಿನ ಗಾತ್ರಕ್ಕಿಳಿಸಿ ನೋಡಿ, ಆಕಾರ ಉಳಿಯಬೇಕು. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ ನೋಡಿ, ಎಲ್ಲವೂ ಒಂದೇ ಬೂದುಬಣ್ಣವಾದರೆ ಪ್ಯಾಲೆಟ್‌ನಲ್ಲಿ ಬೆಳಕು-ನೆರಳು ಇಲ್ಲ ಎಂದರ್ಥ. ಹನ್ನೆರಡು ಬಣ್ಣ ಸುರಿಯುವ ಮೊದಲು ಮೂರರಲ್ಲಿ ಸರಿಹೋಗುತ್ತದಾ ನೋಡುವುದು ವಾಸಿ. ಕಾಮನಬಿಲ್ಲಿನ ಪ್ಯಾಲೆಟ್ ಅಂತೂ ಯಾರನ್ನೂ ಉದ್ಧಾರ ಮಾಡಿಲ್ಲ.

ಇನ್ನು ಮುದ್ರಣ. ಪರದೆಯ 1920×1080 ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಎ3 ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ 4961×3508, ಅಂದರೆ 1.74 ಕೋಟಿ, 2×2 ಮಾದರಿ ಸೇರಿದರೆ 7 ಕೋಟಿ ಸಮೀಪ. ಪರದೆಯಲ್ಲಿ ಒಂದು ನಿಮಿಷಕ್ಕೆ ಮೂಡಿದ್ದಕ್ಕೆ ಇಲ್ಲಿ ಮೂವತ್ತಮೂರು ನಿಮಿಷದ ಮೇಲೆ ಬೇಕು. ಪರದೆಯಲ್ಲಿ ಮಿಂಚುವ ನೀಲಿ ಬಣ್ಣ ಶಾಯಿಗೆ ದಕ್ಕುವುದಿಲ್ಲ, ಹಾಳೆಯ ಮೇಲೆ ಮಂಕಾಗುತ್ತದೆ. ಮೊದಲೇ ಸಣ್ಣ ತುಂಡೊಂದನ್ನು ಮುದ್ರಿಸಿ ನೋಡಿಕೊಳ್ಳಬೇಕು. ಕಂಪ್ಯೂಟರಿನ ನಿದ್ದೆ ಮೋಡ್ ತೆಗೆದಿರಬೇಕು, ಇಲ್ಲದಿದ್ದರೆ ಅರ್ಧ ಸುರುಳಿಗೆ ಅದೂ ಮಲಗುತ್ತದೆ. ಎಲ್ಲ ಸರಿಮಾಡಿ ರೆಂಡರ್ ಒತ್ತಿದ ಮೇಲೆ ಕೈಕಟ್ಟಿ ಕೂರುವುದೊಂದೇ ಕೆಲಸ. ಆದರೆ ಅಷ್ಟರಲ್ಲಿ ಪಕ್ಕದಲ್ಲೊಂದು ಹೊಸ ಕಿಟಕಿ ತೆರೆದಿರುತ್ತದೆ, ಆ ಮೂಲೆಯ ಸುರುಳಿಯೊಳಗೆ ಏನಿದೆ ಅಂತ ನೋಡಲಿಕ್ಕೆ. ಅದೂ ಅದೇ ಪ್ರೊಸೆಸರನ್ನು ಹಂಚಿಕೊಳ್ಳುವುದರಿಂದ ಮೂವತ್ತಮೂರು ನಿಮಿಷ ಈಗ ಎಪ್ಪತ್ತು ತೋರಿಸುತ್ತಿದೆ.