"ಹೆಂಗಸರಿಗೆ ಚಳಿ ಜಾಸ್ತಿ" ಅಂದು ಸುಮ್ಮನಾಗಬೇಡಿ

ಹಾಸನ ಬಿಟ್ಟು ಕೆನಡಾದ ವಿನ್ನಿಪೆಗ್‌ಗೆ ಬಂದು ಇದು ನಮಗೆ ಆರನೇ ಚಳಿಗಾಲ. ಹೊಸದಾಗಿ ಬರುವ ಹುಡುಗಿಯರಿಗಾಗಿ, ಅವರ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯಲೇಬೇಕು ಅನಿಸಿತು.

ಕಳೆದ ವರ್ಷ ಹಿಮ ಕರಗುವ ಹೊತ್ತಿಗೆ ನನ್ನ ಕಾಲ್ಬೆರಳುಗಳು ಊದಿಕೊಂಡವು. ಹೊರಗೆ ನಾಲ್ಕೈದು ಡಿಗ್ರಿ ಅಷ್ಟೇ, ಆದರೆ ಬೂಟಿನೊಳಗೆ ದಿನವಿಡೀ ಪಸೆ. ಹಗಲು ಏನೂ ಅನಿಸುತ್ತಿರಲಿಲ್ಲ. ರಾತ್ರಿ ಹೊದ್ದು ಮಲಗಿದರೆ ಸಾಕು, ಉರಿ ಮತ್ತು ತುರಿಕೆ. ಕಿರುಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮಿರಮಿರ ಅನ್ನುತ್ತಿತ್ತು. ಹೊದಿಕೆ ಸೋಕಿದರೂ ಜೀವ ಹೋದ ಹಾಗೆ. ಕ್ಲಿನಿಕ್ಕಿಗೆ ಹೋದರೆ, "ಕೆಂಪಗಾಗಿಲ್ಲವಲ್ಲ, ದಪ್ಪ ಸಾಕ್ಸ್ ಹಾಕಿಕೊಳ್ಳಿ" ಅಂದು ಕಳಿಸಿದರು. ನಮ್ಮ ಕಂದು ಚರ್ಮದಲ್ಲಿ ಅದು ಕೆಂಪಗೆ ಕಾಣುವುದು ಕಷ್ಟ. ನೇರಳೆಯಾಗಿ, ಕಪ್ಪಾಗಿ ಕಾಣುತ್ತದೆ. ಎರಡನೇ ಡಾಕ್ಟರ್ ನೋಡಿದ ಕೂಡಲೇ ಹೆಸರು ಹೇಳಿದರು: ಚಿಲ್‌ಬ್ಲೇನ್ಸ್.

ಅದೇ ಚಳಿಗಾಲದ ಜನವರಿಯಲ್ಲಿ ಮೈನಸ್ 30ರಲ್ಲಿ ಬಸ್ಸಿಗೆ ಕಾದು ಬಂದ ನನ್ನ ಗಂಡನ ಕಿವಿ ಮೇಣದ ಹಾಗೆ ಬೆಳ್ಳಗಾಗಿತ್ತು. ಮುಟ್ಟಿದರೆ ಅವರಿಗೆ ಗೊತ್ತೇ ಆಗಲಿಲ್ಲ. ಅದು ಹಿಮಕಡಿತದ (ಫ್ರಾಸ್ಟ್‌ಬೈಟ್) ಶುರು. ಒಂದೇ ಮನೆ, ಒಂದೇ ಚಳಿಗಾಲ, ಇಬ್ಬರಿಗೂ ಬೇರೆ ಬೇರೆ ಪೆಟ್ಟು.

ಇದು ಕಾಕತಾಳೀಯ ಅಲ್ಲ. ಚಳಿ ಬಿದ್ದಾಗ ದೇಹ ಕೈಕಾಲಿನ ರಕ್ತನಾಳ ಬಿಗಿಹಿಡಿದು ಒಳಗಿನ ಬಿಸಿ ಕಾಪಾಡುತ್ತದೆ. ಹೆಂಗಸರಲ್ಲಿ ಈ ಬಿಗಿತ ಸಾಮಾನ್ಯವಾಗಿ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್‌ಗೂ ಇದರಲ್ಲಿ ಪಾತ್ರ ಇದೆ. ಅದಕ್ಕೇ ಚಿಲ್‌ಬ್ಲೇನ್ಸ್, ಬೆರಳು ಬಿಳಿ ನೀಲಿ ಆಗುವ ರೇನಾಡ್ಸ್, ಎರಡೂ ಹೆಂಗಸರಲ್ಲೇ ಜಾಸ್ತಿ. ಹಿಮಕಡಿತಕ್ಕೆ ಆಸ್ಪತ್ರೆ ಸೇರುವವರಲ್ಲಿ ಮಾತ್ರ ಗಂಡಸರೇ ಹೆಚ್ಚು. ಹೊರಗಿನ ಕೆಲಸ, ಕುಡಿತ, ತಲೆ ಮೇಲೆ ಸೂರಿಲ್ಲದ ಬದುಕು ಅವರನ್ನು ಅಲ್ಲಿಗೆ ತಂದು ನಿಲ್ಲಿಸುತ್ತವೆ.

ಹಿಮಕಡಿತ, ಚಿಲ್‌ಬ್ಲೇನ್ಸ್, ಎರಡರ ಆರೈಕೆಯೂ ಬೇರೆ. ಹಿಮಕಡಿತದಲ್ಲಿ ಚರ್ಮದೊಳಗೇ ಮಂಜಿನ ಹರಳು ಕಟ್ಟಿರುತ್ತದೆ. ಹೆಪ್ಪುಗಟ್ಟಿದ ಬೆರಳನ್ನು 37ರಿಂದ 39 ಡಿಗ್ರಿಯ ನೀರಿನಲ್ಲಿ, ಮೆತ್ತಗಾಗುವ ತನಕ, ಸುಮಾರು ಅರ್ಧ ಗಂಟೆ ಇಡಬೇಕು. ಉಜ್ಜಲೇಬಾರದು. ಮತ್ತೆ ಹೆಪ್ಪುಗಟ್ಟುವ ಹಾಗಿದ್ದರೆ ಕರಗಿಸಲೂಬಾರದು, ನೇರ ಆಸ್ಪತ್ರೆ. ನಾಳದಲ್ಲಿ ಕಟ್ಟಿದ ರಕ್ತದ ಹೆಪ್ಪು ಕರಗಿಸುವ ಔಷಧಿಗೆ 24 ಗಂಟೆಯ ಗಡುವಿದೆ. ಚಿಲ್‌ಬ್ಲೇನ್ಸ್‌ನಲ್ಲಿ ಹರಳೇ ಇಲ್ಲ, ತಣ್ಣಗಿನ ಕಾಲನ್ನು ದಿಢೀರನೆ ಬಿಸಿ ಮಾಡಿದರೇ ಕೆರಳುತ್ತದೆ. ನಾನು ಮಾಡುತ್ತಿದ್ದ ತಪ್ಪು ಅದೇ, ಬಂದವಳೇ ಕಾಲನ್ನು ಹೀಟರ್‌ಗೆ ಒಡ್ಡುತ್ತಿದ್ದೆ. ಅದರ ಬದಲು ಒಣ ಸಾಕ್ಸ್, ನಿಧಾನದ ಬಿಸಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಹೋಗುತ್ತದೆ. ಪದೇ ಪದೇ ಬಂದರೆ ಡಾಕ್ಟರು ರಕ್ತನಾಳ ಸಡಿಲಿಸುವ ನಿಫೆಡಿಪಿನ್ ಮಾತ್ರೆ ಕೊಡುವುದುಂಟು.

ನನಗೆ ಸಿಟ್ಟು ಬರುವುದು ಎಲ್ಲಿ ಗೊತ್ತಾ? ಐಲೋಪ್ರೋಸ್ಟ್ ಅನ್ನುವ ಔಷಧಿಗೆ ತೀವ್ರ ಹಿಮಕಡಿತಕ್ಕಾಗಿ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಬೆರಳು ಕತ್ತರಿಸುವುದನ್ನು ತಪ್ಪಿಸುವ ಔಷಧಿ, ನಿಜಕ್ಕೂ ದೊಡ್ಡ ಹೆಜ್ಜೆ. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಇದ್ದವರು 47 ಜನ, ಬಹುಪಾಲು ಗಂಡಸರು. ಬೇಗ ಬಿಗಿಯುವ ರಕ್ತನಾಳ ಹೆಂಗಸರದು. ನಾಳವನ್ನು ಸಡಿಲಿಸುವ ಔಷಧಿಯ ಲೆಕ್ಕ ಗಂಡಸರ ಮೈಮೇಲೆ. ಇದು ಸರಿಯಾ? ಹೆಂಗಸರನ್ನೂ ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಿ ನೋಡಲೇಬೇಕು ಅಂತ ನಾನು ಕೇಳುತ್ತೇನೆ.

ಸೆಪ್ಟೆಂಬರ್‌ನಲ್ಲಿ ಮಗಳನ್ನು ಕಳಿಸುವವರು ಚಟ್ನಿಪುಡಿ, ಉಪ್ಪಿನಕಾಯಿ ತುಂಬುವಾಗ ಉಣ್ಣೆಯ ಸಾಕ್ಸ್ ಕೂಡ ನಾಲ್ಕು ಜೊತೆ ಹಾಕಿ. ಬೂಟು ಬಿಗಿಯಾಗದೆ ಬೆರಳಾಡುವ ಹಾಗಿರಲಿ. ವಿಡಿಯೋ ಕಾಲ್‌ನಲ್ಲಿ "ಕಾಲು ಉರೀತಿದೆ" ಅಂದರೆ, "ಚಳಿಗೆ ಹಾಗೇ ಕಣೇ" ಅನ್ನಬೇಡಿ. ಕ್ಯಾಮೆರಾನ ಕಾಲ್ಬೆರಳಿಗೆ ಹಿಡಿ ಅನ್ನಿ.