ಮರ ಹೋದರೇನು, ಮಾನ್ಯತೆ ಇದೆಯಲ್ಲ!

ಕೊಡಗಿನ ಕಿತ್ತಳೆ ಅಳಿಯುತ್ತಿದೆ ಎಂದು ಕೊರಗುವವರು ಒಮ್ಮೆ ಕುಶಾಲನಗರದಿಂದ ಮಡಿಕೇರಿ ತನಕ ಬಂದು ನೋಡಲಿ. ರಸ್ತೆ ಬದಿಯಲ್ಲಿ ರಾಶಿ ರಾಶಿ ಕಿತ್ತಳೆ. ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ. 'ಕೂರ್ಗ್ ಆರೆಂಜ್' ಎಂಬ ಬೋರ್ಡಿನ ಹಿಂದೆ ಇಣುಕಿದರೆ ನಾಗಪುರದ ಪೆಟ್ಟಿಗೆ. ಅಷ್ಟು ದೂರದಿಂದ ಬಂದವನನ್ನು ಮನೆಮಗನೆಂದು ಒಪ್ಪಿಕೊಳ್ಳುವ ಔದಾರ್ಯ ನಮ್ಮದು.

ಅಸಲಿ ಕೊಡಗಿನ ಕಿತ್ತಳೆಗೆ ಆ ರೂಪವಿಲ್ಲ ಬಿಡಿ. ಹಸಿರು ಮಾಸದ ಹಳದಿ ಮೈ, ಸಡಿಲ ಸಿಪ್ಪೆ, ಸಿಹಿಯ ಬೆನ್ನಿಗೇ ಒಂದಿಷ್ಟು ಹುಳಿ. ಪ್ರವಾಸಿಗರು ಅದನ್ನು ಕೈಗೆತ್ತಿಕೊಂಡು, 'ಇದಿನ್ನೂ ಕಾಯಿ ಅಲ್ವಾ?' ಎಂದು ಕೆಳಗಿಡುತ್ತಾರೆ. ಪಕ್ಕದ ನಾಗಪುರದ್ದನ್ನು 'ಒರಿಜಿನಲ್ ಕೊಡಗಿಂದೇ ತಾನೇ?' ಎಂದು ಖಾತ್ರಿ ಮಾಡಿಕೊಂಡು ಎರಡು ಕೆ.ಜಿ. ತೂಗಿಸುತ್ತಾರೆ.

2006ರಲ್ಲಿ ನಮ್ಮ ಕಿತ್ತಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಊರಿನ ಹೆಸರು ಆ ಊರಿನ ಬೆಳೆಗಷ್ಟೇ ಎಂಬ ಕಾನೂನಿನ ಮುದ್ರೆ, ಸಿಕ್ಕಿತು. ಹೆಸರಿಗೆ ಭದ್ರವಾದ ಬೇಲಿ ಬಿತ್ತು. ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟಕ್ಕೆ ಮಾತ್ರ ಪ್ರಮಾಣಪತ್ರ ಓದಲು ಬರುವುದಿಲ್ಲ. ಎಲೆ ಹಳದಿಗಟ್ಟಿ, ಕೊಂಬೆ ತುದಿಯಿಂದ ಒಣಗಿಕೊಂಡು ಬಂತೆಂದರೆ ವಾಸಿಮಾಡುವ ಮದ್ದಿಲ್ಲ. ಕಡಿದು ಹಾಕಬೇಕು, ಅಷ್ಟೇ. ಆ ರೋಗದಿಂದ ಪಾರಾಯಿತೆಂದರೆ ಮಳೆಗಾಲಕ್ಕೆ ಬುಡ ಕೊಳೆಯುತ್ತದೆ. ಹಣ್ಣಾಗುವ ಹೊತ್ತಿಗೆ ನೊಣ ಮೊಟ್ಟೆಯಿಡುತ್ತದೆ, ರಾತ್ರಿ ಪಾಳಿಗೆ ಪತಂಗ ಬಂದು ರಸ ಹೀರುತ್ತದೆ, ಬೆಳಗಿನ ತಪಾಸಣೆಗೆ ಮಂಗ. ಇವರೆಲ್ಲ ಬಿಟ್ಟದ್ದನ್ನು ನೋಡಲು ಬಂದ ವ್ಯಾಪಾರಿ ತಲೆಯಾಡಿಸುತ್ತಾನೆ: 'ಕಲರ್ ಇಲ್ಲ ಸಾರ್.'

ಇಷ್ಟೆಲ್ಲ ಆದಮೇಲೂ ಬೆಳೆಗಾರ ಕಿತ್ತಳೆಯನ್ನು ಯಾಕೆ ಕೈಬಿಟ್ಟ ಎಂದು ಪತ್ತೆಹಚ್ಚಲು ವಿಚಾರ ಸಂಕಿರಣ ನಡೆಯುತ್ತದೆ. ಕಾಫಿ ತೋಟದ ನಡುವೆ ಉಪಬೆಳೆಯಾಗಿ ನಿಂತ ಮರವಿದು. ಗೊಬ್ಬರ, ಆಳು, ಆರೈಕೆ ಎಲ್ಲ ಕಾಫಿಗೆ, ಉಳಿದರೆ ಇದಕ್ಕೆ. 2024ರಲ್ಲಿ 50 ಕೆ.ಜಿ. ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಹತ್ತು ಸಾವಿರ ರೂಪಾಯಿ ದಾಟಿದ ಮೇಲೆ ಉಳಿಯುವುದಾದರೂ ಏನು? ಕಿತ್ತಳೆ ಸತ್ತ ಜಾಗದಲ್ಲಿ ಸಿಲ್ವರ್ ಓಕ್ ಎದ್ದಿತು, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿತು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಅದು ಕೊಡಗಿನ ಹೆಮ್ಮೆ ಎಂದು ಯಾರೂ ಭಾಷಣ ಮಾಡಿಲ್ಲ. ಚೆನ್ನಾಗಿ ಬೆಳೆಯುತ್ತಿರುವುದು ಬಹುಶಃ ಅದಕ್ಕೇ.

'ರೋಗಮುಕ್ತ ಕಸಿ ಗಿಡ ನೆಡಿ, ನಾಲ್ಕೈದು ವರ್ಷಕ್ಕೆ ಫಸಲು' ಎಂಬುದು ವೇದಿಕೆಯ ಸಲಹೆ. ತಪ್ಪೇನಿಲ್ಲ. ಆದರೆ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳುತ್ತಾರೆ: 'ನಾನೇನೋ ನೆಡ್ತೇನೆ. ಪಕ್ಕದ ತೋಟದಲ್ಲಿ ರೋಗ ಹಿಡಿದು ನಿಂತಿರೋ ಮರ ಕಡಿಸೋರು ಯಾರು ಸಾರ್?' ಸಿಲ್ಲಿಡ್ ಬೇಲಿ ಹಾರುತ್ತದೆ, ಯೋಜನೆ ಹಾರುವುದಿಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ಊಟ ತಯಾರಾಗಿರುತ್ತದೆ.

ನನ್ನದೂ ಒಂದು ಸಲಹೆಯಿದೆ. ಜಿಲ್ಲೆಯ ಗಡಿಯಲ್ಲಿ ಇಪ್ಪತ್ತಡಿಯ ಸಿಮೆಂಟ್ ಕಿತ್ತಳೆಯೊಂದನ್ನು ನಿಲ್ಲಿಸಿಬಿಡೋಣ. ಬುಡ ಕೊಳೆಯದು, ನೊಣ ಮುತ್ತದು, ಪ್ರವಾಸಿಗರಿಗೆ ಸೆಲ್ಫಿ. ಕಲರ್ ಇಲ್ಲ ಎಂಬ ದೂರು ಬಂದರೆ ವರ್ಷಕ್ಕೊಮ್ಮೆ ಟೆಂಡರ್ ಕರೆದರಾಯಿತು.